ಅಮೆರಿಕದ ಫುಟ್‌ಬಾಲ್‌ಗೆ 5.72 ಕೋಟಿ ವೀಕ್ಷಕರು: ಇದು ಜನಪ್ರಿಯತೆಯ ಶಿಖರವೇ, ಲೆಕ್ಕದ ಆಟವೇ?

2025ರ ನವೆಂಬರ್ 27ರಂದು ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ದೂರದೂರಲ್ಲಿರುವ ಮಕ್ಕಳು, ಮೊಮ್ಮಕ್ಕಳು ಮನೆಗೆ ಬಂದು ಒಟ್ಟಿಗೆ ಕೂತು ಊಟ ಮಾಡುವ ದಿನ. ಅಂದು ಡಲ್ಲಾಸ್ ಕೌಬಾಯ್ಸ್ ಮತ್ತು ಕಾನ್ಸಾಸ್ ಸಿಟಿ ಚೀಫ್ಸ್ ನಡುವೆ ನಡೆದ ಫುಟ್‌ಬಾಲ್ ಪಂದ್ಯವನ್ನು ಸಿಬಿಎಸ್ ವಾಹಿನಿಯಲ್ಲಿ ಸರಾಸರಿ 5.72 ಕೋಟಿ ಜನ ನೋಡಿದರು. ಇದು ಫೈನಲ್ ಅಲ್ಲ, ಸೆಮಿಫೈನಲ್ ಕೂಡ ಅಲ್ಲ. ಲೀಗ್ ಹಂತದ ಒಂದು ಪಂದ್ಯ ಅಷ್ಟೇ. ಲೀಗ್ ಪಂದ್ಯಗಳಲ್ಲಿ ಇದಕ್ಕೂ ಹಿಂದಿನ ದಾಖಲೆ 2022ರ ಥ್ಯಾಂಕ್ಸ್‌ಗಿವಿಂಗ್ ದಿನದ್ದು, 4.21 ಕೋಟಿ. ಮೂರೇ ವರ್ಷದಲ್ಲಿ ಒಂದೂವರೆ ಕೋಟಿ ಜಿಗಿತ!

ಒಂದು ಸ್ಪಷ್ಟನೆ. ಇಲ್ಲಿ ಫುಟ್‌ಬಾಲ್ ಎಂದರೆ ಮೆಸ್ಸಿ, ರೊನಾಲ್ಡೊ ಆಡುವ ಆಟವಲ್ಲ. ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್ ಕಟ್ಟಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್. ಇದನ್ನು ನಡೆಸುವ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್, ಜಗತ್ತಿನ ಅತ್ಯಂತ ಶ್ರೀಮಂತ ಕ್ರೀಡಾ ಲೀಗ್. ನಮ್ಮ ಐಪಿಎಲ್‌ನ ಪ್ರಸಾರ ಹಕ್ಕು 2022ರಲ್ಲಿ 48,390 ಕೋಟಿ ರೂಪಾಯಿಗೆ ಮಾರಾಟವಾದಾಗ, ಪಂದ್ಯವೊಂದರ ಬೆಲೆಯಲ್ಲಿ ಐಪಿಎಲ್ ಜಗತ್ತಿನಲ್ಲೇ ಎರಡನೇ ಸ್ಥಾನಕ್ಕೇರಿತು ಎಂದು ಸುದ್ದಿಯಾಗಿತ್ತಲ್ಲ? ಮೊದಲ ಸ್ಥಾನದಲ್ಲಿದ್ದದ್ದು ಇದೇ ಎನ್‌ಎಫ್‌ಎಲ್.

ಹೀಗೆ ದಾಖಲೆ ಮುರಿಯುತ್ತಿರುವ ಆಟದ ಬಗ್ಗೆ 'ಜನಪ್ರಿಯತೆ ಉತ್ತುಂಗ ತಲುಪಿ ಆಯಿತೇ?' ಎಂದು ಕೇಳುವುದು ವಿಚಿತ್ರವೆನಿಸಬಹುದು. ಆದರೆ ಈ ಪ್ರಶ್ನೆ ಹೊಸದಲ್ಲ. ಹತ್ತು ವರ್ಷಗಳ ಹಿಂದೆ ಇದಕ್ಕೆ 'ಹೌದು' ಎಂದು ಉತ್ತರಿಸಿದವರೇ ಹೆಚ್ಚು.

ಕುಸಿಯಿತು ಎಂದವರು ಕಂಡದ್ದೇನು?

2014ರ ಮಾರ್ಚ್‌ನಲ್ಲಿ ಡಲ್ಲಾಸ್ ಮಾವೆರಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಆಗಿನ ಮಾಲೀಕ ಮಾರ್ಕ್ ಕ್ಯೂಬನ್ ಒಂದು ಭವಿಷ್ಯ ನುಡಿದರು. ಭಾನುವಾರ, ಸೋಮವಾರ ಸಾಲದೆಂದು ಗುರುವಾರವೂ ಪಂದ್ಯ ತುರುಕುತ್ತಿರುವ ಎನ್‌ಎಫ್‌ಎಲ್ ದುರಾಸೆಯಿಂದಲೇ ಹತ್ತು ವರ್ಷದಲ್ಲಿ ಕುಸಿಯುತ್ತದೆ ಎಂಬುದು ಅವರ ಮಾತಿನ ಸಾರ. ಮುಂದಿನ ವರ್ಷ, 2015ರ ಫೆಬ್ರವರಿಯಲ್ಲಿ ನಡೆದ ಫೈನಲ್, ಅಂದರೆ ಸೂಪರ್ ಬೌಲ್, 11.44 ಕೋಟಿ ವೀಕ್ಷಕರೊಂದಿಗೆ ದಾಖಲೆ ಬರೆಯಿತು. ಕ್ಯೂಬನ್ ಅವರನ್ನು ಜನ ಗೇಲಿ ಮಾಡಿದರು.

ಗೇಲಿ ಬಹಳ ಕಾಲ ಉಳಿಯಲಿಲ್ಲ. 2016ರ ಋತುವಿನಲ್ಲಿ ಸರಾಸರಿ ವೀಕ್ಷಕರ ಸಂಖ್ಯೆ ಶೇ.8ರಷ್ಟು ಇಳಿಯಿತು. 2017ರಲ್ಲಿ ಮತ್ತೆ ಸುಮಾರು ಶೇ.10 ಇಳಿದು, ಪಂದ್ಯವೊಂದಕ್ಕೆ 1.49 ಕೋಟಿಗೆ ಬಂದು ನಿಂತಿತು. ಟ್ರಂಪ್ ಮತ್ತು ಹಿಲರಿ ನಡುವಿನ ಚುನಾವಣಾ ಕದನ ಕಣ್ಣುಗಳನ್ನೆಲ್ಲ ಸುದ್ದಿವಾಹಿನಿಗಳತ್ತ ಸೆಳೆಯಿತು ಎಂದರು ಕೆಲವರು. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕಾಲಿನ್ ಕೇಪರ್ನಿಕ್ ವರ್ಣಭೇದ ಖಂಡಿಸಿ ರಾಷ್ಟ್ರಗೀತೆಯ ವೇಳೆ ಮೊಣಕಾಲೂರಿದ್ದಕ್ಕೆ ಸಿಟ್ಟಾಗಿ ಜನ ಟಿವಿ ಆರಿಸಿದರು ಎಂದರು ಇನ್ನು ಕೆಲವರು. 2017ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್ ಅವರೇ ಅಂಥ ಆಟಗಾರರನ್ನು ತಂಡದಿಂದ ಕಿತ್ತುಹಾಕಬೇಕೆಂದು ಹೇಳಿ ಬೆಂಕಿಗೆ ತುಪ್ಪ ಸುರಿದರು.

ಇದರ ಜೊತೆಗೆ ಮೆದುಳಿನ ಗಾಯದ ವಿಚಾರವೂ ಇತ್ತು. ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ನಿವೃತ್ತ ಆಟಗಾರನೊಬ್ಬನ ಮೆದುಳಿನಲ್ಲಿ ಕಂಡ ಕಾಯಿಲೆಯ ಕಥೆ 2015ರಲ್ಲಿ ವಿಲ್ ಸ್ಮಿತ್ ನಟನೆಯ ಸಿನಿಮಾ ಆಯಿತು. ಎಷ್ಟೋ ತಾಯಂದಿರು 'ನಮ್ಮ ಹುಡುಗನನ್ನು ಈ ಆಟಕ್ಕೆ ಬಿಡಲ್ಲ' ಎಂದರು. 2008-09ರಲ್ಲಿ ಪ್ರೌಢಶಾಲಾ ಮಟ್ಟದಲ್ಲಿ ಫುಟ್‌ಬಾಲ್ ಆಡುತ್ತಿದ್ದ ಹುಡುಗರು 11 ಲಕ್ಷಕ್ಕೂ ಹೆಚ್ಚು. 2021-22ರ ಹೊತ್ತಿಗೆ ಅದು 10 ಲಕ್ಷಕ್ಕಿಂತ ಕೆಳಗಿಳಿದಿತ್ತು. (ಆ ಬಳಿಕ ಕೊಂಚ ಚೇತರಿಸಿದೆ.)

2019ರ ಸೂಪರ್ ಬೌಲ್ ಅನ್ನು ಟಿವಿಯಲ್ಲಿ ನೋಡಿದವರು 9.82 ಕೋಟಿ. 2009ರ ನಂತರ ಮೊದಲ ಬಾರಿಗೆ ಸಂಖ್ಯೆ 10 ಕೋಟಿಗಿಂತ ಕೆಳಗೆ ಹೋಯಿತು. ಆ ಪಂದ್ಯ 13-3ರಲ್ಲಿ ಮುಗಿದು ಸೂಪರ್ ಬೌಲ್ ಇತಿಹಾಸದಲ್ಲೇ ಅತಿ ಕಡಿಮೆ ಅಂಕಗಳ ನೀರಸ ಪಂದ್ಯ ಎನಿಸಿಕೊಂಡಿತು ಎಂಬುದೂ ನಿಜ. ಆದರೂ ಶಿಖರ ದಾಟಿ ಆಯಿತು ಎಂಬ ವಾದಕ್ಕೆ ಆಗ ಬಲ ಇತ್ತು.

ಆಮೇಲೆ ಎಲ್ಲ ತಿರುವುಮುರುವಾಯಿತು. ಸೂಪರ್ ಬೌಲ್ ವೀಕ್ಷಕರು 2023ರಲ್ಲಿ 11.51 ಕೋಟಿ, 2024ರಲ್ಲಿ 12.3 ಕೋಟಿಗೂ ಹೆಚ್ಚು, 2025ರಲ್ಲಿ 12.77 ಕೋಟಿ. ಕ್ಯೂಬನ್ ಕೊಟ್ಟ ಹತ್ತು ವರ್ಷದ ಗಡುವು ಮುಗಿಯುತ್ತಾ ಬಂದಿದ್ದ 2023ರಲ್ಲಿ ಅಮೆರಿಕದ ಟಿವಿಯಲ್ಲಿ ಅತಿ ಹೆಚ್ಚು ಜನ ನೋಡಿದ 100 ಕಾರ್ಯಕ್ರಮಗಳ ಪೈಕಿ 93 ಎನ್‌ಎಫ್‌ಎಲ್ ಪಂದ್ಯಗಳೇ ಆಗಿದ್ದವು!

ತಕ್ಕಡಿಯೇ ಬದಲಾದಾಗ

ಈ ಅಂಕಿಗಳನ್ನು ಕೊಡುವುದು ನೀಲ್ಸನ್ ಎಂಬ ಕಂಪನಿ. ನಮ್ಮಲ್ಲಿ ಟಿಆರ್‌ಪಿ ಲೆಕ್ಕ ಹಾಕಲು ಬಾರ್ಕ್ ಇದೆಯಲ್ಲ, ಹಾಗೆ. ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು, ಅಲ್ಲಿ ಯಾರು ಏನು ನೋಡುತ್ತಾರೆ ಎಂಬುದರಿಂದ ಇಡೀ ದೇಶದ ಲೆಕ್ಕ ತೆಗೆಯುವ ವಿಧಾನ. ಇಲ್ಲಿ ಬರುವ ಸಂಖ್ಯೆ ಪಂದ್ಯದ ಪ್ರತಿ ನಿಮಿಷದ ಸರಾಸರಿ. ಒಮ್ಮೆ ಇಣುಕಿ ಹೋದವರನ್ನೆಲ್ಲ ಕೂಡಿಸಿದರೆ ಸಂಖ್ಯೆ ಇನ್ನೂ ದೊಡ್ಡದಾಗುತ್ತದೆ.

ಸಮಸ್ಯೆ ಇರುವುದು ಈ ವಿಧಾನ ಐದು ವರ್ಷದಲ್ಲಿ ಮೂರು ಬಾರಿ ಹಿಗ್ಗಿರುವುದರಲ್ಲಿ. ಮೊದಲು ಮನೆಯೊಳಗಿನ ಟಿವಿ ಮಾತ್ರ ಲೆಕ್ಕಕ್ಕಿತ್ತು. ಬಾರ್, ಹೋಟೆಲ್, ವಿಮಾನ ನಿಲ್ದಾಣಗಳಲ್ಲಿ ಅಥವಾ ನೆಂಟರ ಮನೆಯಲ್ಲಿ ಕೂತು ನೋಡಿದವರು 2020ರಲ್ಲಿ ಅಧಿಕೃತ ಲೆಕ್ಕಕ್ಕೆ ಸೇರಿದರು. ಆಗಲೂ ಈ ಹೊರಗಿನ ವೀಕ್ಷಣೆಯ ಅಳತೆ ದೇಶದ ಮೂರನೇ ಎರಡು ಭಾಗಕ್ಕಷ್ಟೇ ಸೀಮಿತವಾಗಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು ಹೆಚ್ಚುಕಡಿಮೆ ಇಡೀ ದೇಶಕ್ಕೆ ವಿಸ್ತರಿಸಲಾಯಿತು. ಸೆಪ್ಟೆಂಬರ್‌ನಲ್ಲಿ, ಸರಿಯಾಗಿ ಫುಟ್‌ಬಾಲ್ ಋತು ಶುರುವಾಗುವ ಹೊತ್ತಿಗೆ, ಇನ್ನೂ ದೊಡ್ಡ ಬದಲಾವಣೆ ಬಂತು. ಮೀಟರ್ ಇರುವ ಮನೆಗಳ ಜೊತೆಗೆ ಸುಮಾರು 4.5 ಕೋಟಿ ಮನೆಗಳ ಸೆಟ್‌ಟಾಪ್ ಬಾಕ್ಸ್ ಮತ್ತು ಸ್ಮಾರ್ಟ್ ಟಿವಿಗಳ ಮಾಹಿತಿಯನ್ನೂ ನೀಲ್ಸನ್ ಬಳಸತೊಡಗಿತು.

ಈಗ ಥ್ಯಾಂಕ್ಸ್‌ಗಿವಿಂಗ್ ದಿನವನ್ನು ಮತ್ತೆ ನೆನಪಿಸಿಕೊಳ್ಳಿ. ಜನ ತಮ್ಮ ಮನೆ ಬಿಟ್ಟು ಬೇರೆಯವರ ಮನೆಯಲ್ಲಿ ಕೂತು ಟಿವಿ ನೋಡುವ ದಿನ ವರ್ಷದಲ್ಲಿ ಒಂದಿದ್ದರೆ ಅದು ಇದೇ. ಹೊಸ ತಕ್ಕಡಿಯ ಲಾಭ ಅತಿ ಹೆಚ್ಚು ಸಿಗುವ ದಿನವೂ ಅದೇ. 5.72 ಕೋಟಿ ಸುಳ್ಳು ಸಂಖ್ಯೆಯಲ್ಲ. ಮೊದಲೂ ಇದ್ದ, ಆದರೆ ಲೆಕ್ಕಕ್ಕೆ ಸಿಗದಿದ್ದ ಜನ ಈಗ ಸಿಗುತ್ತಿದ್ದಾರೆ ಅಷ್ಟೇ. ಆದರೆ ಅದನ್ನು 2022ರ ಸಂಖ್ಯೆಯ ಪಕ್ಕದಲ್ಲಿಟ್ಟು 'ಇಷ್ಟು ಬೆಳೆಯಿತು' ಎನ್ನುವುದು, ಸೇರಿನಲ್ಲಿ ಅಳೆದ ಅಕ್ಕಿಯನ್ನು ಕೆಜಿಯಲ್ಲಿ ತೂಗಿದ ಅಕ್ಕಿಗೆ ಹೋಲಿಸಿದಂತೆ.

ಸೂಪರ್ ಬೌಲ್ ಲೆಕ್ಕವನ್ನೇ ನೋಡೋಣ. 2015ರಲ್ಲಿ ಅಮೆರಿಕದ ಜನಸಂಖ್ಯೆ ಸುಮಾರು 32 ಕೋಟಿ, ನೋಡಿದವರು 11.44 ಕೋಟಿ. ಅಂದರೆ ನೂರಕ್ಕೆ 36 ಮಂದಿ. 2025ರಲ್ಲಿ ಜನಸಂಖ್ಯೆ ಸುಮಾರು 34 ಕೋಟಿ, ನೋಡಿದವರು 12.77 ಕೋಟಿ. ನೂರಕ್ಕೆ 37 ಅಥವಾ 38. ಈ ಹತ್ತು ವರ್ಷದಲ್ಲಿ ಬಾರ್‌ನಲ್ಲಿ ಕೂತವರು ಲೆಕ್ಕಕ್ಕೆ ಸೇರಿದ್ದಾರೆ. ಟುಬಿ ಎಂಬ ಉಚಿತ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ನೋಡಿದ 1.36 ಕೋಟಿ ಜನರೂ ಸೇರಿದ್ದಾರೆ. ಇಷ್ಟೆಲ್ಲ ಸೇರಿಯೂ ಏರಿದ್ದು ಒಂದೆರಡು ಅಂಶ. ಇನ್ನೂ ಹಿಂದಕ್ಕೆ ಹೋದರೆ, 1982ರ ಸೂಪರ್ ಬೌಲ್ ಅನ್ನು ಟಿವಿ ಇದ್ದ ಪ್ರತಿ 100 ಮನೆಗಳಲ್ಲಿ 49 ಮನೆಗಳು ನೋಡಿದ್ದವು. ಮನೆಗಳ ಆ ಪ್ರಮಾಣವನ್ನು ಬೇರಾವ ಸೂಪರ್ ಬೌಲ್ ಕೂಡ ಈವರೆಗೆ ದಾಟಿಲ್ಲ.

ಹೀಗಾಗಿ ಜನರ ಪ್ರಮಾಣದ ದೃಷ್ಟಿಯಿಂದ ಎನ್‌ಎಫ್‌ಎಲ್ ಇರುವುದು ಶಿಖರದ ಮೇಲೂ ಅಲ್ಲ, ಇಳಿಜಾರಿನಲ್ಲೂ ಅಲ್ಲ. ಬಹಳ ಕಾಲದಿಂದ ಒಂದು ಎತ್ತರದ ಬಯಲಿನಲ್ಲಿ ನಡೆಯುತ್ತಿದೆ.

ಇಳಿದದ್ದು ಕೆರೆಯ ನೀರು

ಹಾಗಿದ್ದರೂ ಅದು ದಿನೇದಿನೇ ದೊಡ್ಡದಾಗುತ್ತಿರುವಂತೆ ಕಾಣುವುದೇಕೆ? ಬೇಸಿಗೆಯಲ್ಲಿ ಕೆರೆಯ ನೀರು ಇಳಿದರೆ ನಡುವಿನ ಬಂಡೆ ಎತ್ತರವಾದಂತೆ ಕಾಣುತ್ತದೆ. ಬಂಡೆ ಬೆಳೆದಿರುವುದಿಲ್ಲ.

ಭಾರತದಲ್ಲೂ ಮನೆಮಾತಾದ 'ಫ್ರೆಂಡ್ಸ್' ಧಾರಾವಾಹಿಯ ಕೊನೆಯ ಕಂತನ್ನು 2004ರಲ್ಲಿ ಅಮೆರಿಕದಲ್ಲಿ 5.25 ಕೋಟಿ ಜನ ಒಟ್ಟಿಗೆ ನೋಡಿದ್ದರು. ಈಗ ಒಂದು ಲೀಗ್ ಪಂದ್ಯ ಅದನ್ನು ಮೀರಿಸಿದೆ. ಆದರೆ ಇಂದು ಅಷ್ಟು ಜನರನ್ನು ಒಂದೇ ರಾತ್ರಿ, ಒಂದೇ ಹೊತ್ತಿಗೆ ಕೂರಿಸುವ ಧಾರಾವಾಹಿ ಅಮೆರಿಕದ ಯಾವ ವಾಹಿನಿಯಲ್ಲೂ ಇಲ್ಲ. ಕಥೆಯನ್ನು ಜನ ತಮಗೆ ಬೇಕಾದಾಗ ನೋಡುತ್ತಾರೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಒಟ್ಟು ಟಿವಿ ವೀಕ್ಷಣೆಯಲ್ಲಿ ಸ್ಟ್ರೀಮಿಂಗ್‌ನ ಪಾಲು ಶೇ.44.8ಕ್ಕೆ ಏರಿ, ಉಚಿತ ವಾಹಿನಿಗಳು ಮತ್ತು ಕೇಬಲ್ ಎರಡನ್ನೂ ಕೂಡಿಸಿದರೂ ಅದಕ್ಕಿಂತ ಕಡಿಮೆ ಎಂಬ ಸ್ಥಿತಿ ಮೊದಲ ಬಾರಿಗೆ ಬಂತು.

ಬೇರೆ ಆಟಗಳೂ ಇದೇ ನೀರಿನಲ್ಲಿವೆ. 2025ರ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಫೈನಲ್ಸ್ ಸರಣಿಯ ಸರಾಸರಿ ವೀಕ್ಷಕರು 1.03 ಕೋಟಿ. 2024ರ ಋತುವಿನಲ್ಲಿ ಎನ್‌ಎಫ್‌ಎಲ್‌ನ ಸಾಧಾರಣ ಪಂದ್ಯವೊಂದರ ಸರಾಸರಿಯೇ 1.75 ಕೋಟಿ. ಒಂದು ಆಟದ ಫೈನಲ್‌ಗಿಂತ ಇನ್ನೊಂದರ ಮಾಮೂಲಿ ಪಂದ್ಯಕ್ಕೆ ಜನ ಹೆಚ್ಚು.

ಫುಟ್‌ಬಾಲ್ ಉಳಿದುಕೊಂಡದ್ದಕ್ಕೆ ಆಟದ ಸ್ವರೂಪವೂ ಕಾರಣ. ಎನ್‌ಬಿಎ ತಂಡವೊಂದು ಋತುವಿಗೆ 82 ಲೀಗ್ ಪಂದ್ಯ ಆಡುತ್ತದೆ, ಎನ್‌ಎಫ್‌ಎಲ್ ತಂಡ ಆಡುವುದು 17. ವಾರಕ್ಕೊಂದೇ ಪಂದ್ಯ, ಒಂದು ಸೋತರೂ ಏಟು ದೊಡ್ಡದು. ಅಮೆರಿಕದ ಪತ್ರಿಕೆ ವಾಲ್ ಸ್ಟ್ರೀಟ್ ಜರ್ನಲ್ 2010ರಲ್ಲಿ ಗಡಿಯಾರ ಹಿಡಿದು ಲೆಕ್ಕ ಹಾಕಿದಾಗ, ಮೂರು ಗಂಟೆಯ ಪ್ರಸಾರದಲ್ಲಿ ಚೆಂಡು ನಿಜಕ್ಕೂ ಆಟದಲ್ಲಿದ್ದದ್ದು ಸುಮಾರು 11 ನಿಮಿಷ! ಉಳಿದದ್ದೆಲ್ಲ ಮರುಪ್ರಸಾರ, ಮಾತು ಮತ್ತು ಜಾಹೀರಾತು. ಟಿವಿಗೆ ಇದಕ್ಕಿಂತ ಒಪ್ಪುವ ಆಟ ಇನ್ನೇನು ಬೇಕು? 2018ರ ಮೇನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬೆಟ್ಟಿಂಗ್‌ಗೆ ದಾರಿ ತೆರೆದ ಮೇಲೆ, ಪಂದ್ಯ ಏಕಪಕ್ಷೀಯವಾದರೂ ಕೊನೆಯವರೆಗೆ ಕೂರಲು ಲಕ್ಷಾಂತರ ಜನರಿಗೆ ಇನ್ನೊಂದು ಕಾರಣ ಸಿಕ್ಕಿತು. ಅದು ಒಳ್ಳೆಯ ಕಾರಣವೇ ಎಂಬುದು ಬೇರೆ ಮಾತು. ನಮ್ಮಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ.

ಆಟ ಕಳೆದುಕೊಂಡ ವಾಹಿನಿಯ ಪಾಡು

ಈ ಆಟ ಕೈತಪ್ಪಿದರೆ ವಾಹಿನಿಯೊಂದಕ್ಕೆ ಏನಾಗುತ್ತದೆ ಎಂಬುದಕ್ಕೆ 1993ರ ಡಿಸೆಂಬರ್‌ನ ಕಥೆ ಇದೆ. 1956ರಿಂದ ಎನ್‌ಎಫ್‌ಎಲ್ ತೋರಿಸುತ್ತಿದ್ದ ಸಿಬಿಎಸ್‌ಗೆ ಎದುರಾಗಿ ರೂಪರ್ಟ್ ಮರ್ಡೋಕ್ ಅವರ ಫಾಕ್ಸ್ ನಾಲ್ಕು ವರ್ಷಕ್ಕೆ 158 ಕೋಟಿ ಡಾಲರ್ ಬಿಡ್ ಹಾಕಿತು. ಆಗಿನ ಫಾಕ್ಸ್‌ಗೆ ಕ್ರೀಡಾ ವಿಭಾಗವೇ ಇರಲಿಲ್ಲ. ಜನರಿಗೆ ಅದು 'ದಿ ಸಿಂಪ್ಸನ್ಸ್' ಕಾರ್ಟೂನ್ ಬರುವ ಚಾನೆಲ್ ಅಷ್ಟೇ. ಹಕ್ಕು ಫಾಕ್ಸ್ ಪಾಲಾಯಿತು. ಕೆಲವೇ ತಿಂಗಳಲ್ಲಿ ಹಲವು ದೊಡ್ಡ ನಗರಗಳ ಸ್ಥಳೀಯ ಟಿವಿ ಕೇಂದ್ರಗಳು ಸಿಬಿಎಸ್ ನಂಟು ಕಡಿದು ಫಾಕ್ಸ್ ಜೊತೆ ಹೋದವು. ಫುಟ್‌ಬಾಲ್ ಎಲ್ಲಿಯೋ ಜಾಹೀರಾತು ಅಲ್ಲಿ, ಜಾಹೀರಾತು ಎಲ್ಲಿಯೋ ಕೇಂದ್ರಗಳು ಅಲ್ಲಿ. ಸಿಬಿಎಸ್ 1998ರಲ್ಲಿ ವರ್ಷಕ್ಕೆ 50 ಕೋಟಿ ಡಾಲರ್ ತೆತ್ತು ಮರಳಿ ಬರಬೇಕಾಯಿತು.

ಆ ಪಾಠವನ್ನು ಯಾರೂ ಮರೆತಿಲ್ಲ. 2021ರಲ್ಲಿ ಸಿಬಿಎಸ್, ಫಾಕ್ಸ್, ಎನ್‌ಬಿಸಿ, ಇಎಸ್‌ಪಿಎನ್ ಮತ್ತು ಅಮೆಜಾನ್ ಜೊತೆ ಎನ್‌ಎಫ್‌ಎಲ್ ಮಾಡಿಕೊಂಡ 11 ವರ್ಷದ ಒಪ್ಪಂದಗಳ ಮೊತ್ತ ಸುಮಾರು 11,000 ಕೋಟಿ ಡಾಲರ್. 2033ರವರೆಗೆ ನಡೆಯಬೇಕಾದ ಈ ಒಪ್ಪಂದಗಳಿಂದ ಬಹುತೇಕ 2029ರ ಋತುವಿನ ನಂತರ ಹೊರಬರುವ ಹಕ್ಕು ಲೀಗ್‌ಗಿದೆ. ಅದಕ್ಕೂ ಮೊದಲೇ, 2026ರಲ್ಲೇ ಮಾತುಕತೆ ಶುರುವಾಗಬಹುದು ಎಂದು ಲೀಗ್ ಕಮಿಷನರ್ ರಾಜರ್ ಗುಡೆಲ್ ಬಹಿರಂಗವಾಗಿಯೇ ಹೇಳಿದ್ದಾರೆ. ಅವಸರಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಎಷ್ಟೋ ಕಡಿಮೆ ವೀಕ್ಷಕರಿರುವ ಎನ್‌ಬಿಎ ಕೂಡ 11 ವರ್ಷಕ್ಕೆ 7,600 ಕೋಟಿ ಡಾಲರ್‌ನಷ್ಟು ಪಡೆದಿದೆ. 'ನಮ್ಮನ್ನು ಅಗ್ಗಕ್ಕೆ ಮಾರಿಕೊಂಡೆವು' ಎಂದು ಎನ್‌ಎಫ್‌ಎಲ್ ಮಾಲೀಕರಿಗೆ ಅನ್ನಿಸದಿರುತ್ತದೆಯೇ?

ಇಲ್ಲೇ ಇರುವುದು ನಿಜವಾದ ಅಪಾಯ. ಹೆಚ್ಚು ಹಣ ಇರುವುದು ಅಮೆಜಾನ್, ಯೂಟ್ಯೂಬ್, ನೆಟ್‌ಫ್ಲಿಕ್ಸ್ ಬಳಿ. ಹೆಚ್ಚು ಜನ ಇರುವುದು ಇನ್ನೂ ಉಚಿತ ವಾಹಿನಿಗಳಲ್ಲಿ. 2023ರ ಕ್ರಿಸ್‌ಮಸ್ ದಿನ ಸಿಬಿಎಸ್‌ನಲ್ಲಿ ಬಂದ ಚೀಫ್ಸ್ ಪಂದ್ಯಕ್ಕೆ 2.92 ಕೋಟಿ ವೀಕ್ಷಕರಿದ್ದರು. ಮರುವರ್ಷ ಕ್ರಿಸ್‌ಮಸ್ ಪಂದ್ಯಗಳು ನೆಟ್‌ಫ್ಲಿಕ್ಸ್‌ಗೆ ಹೋದವು. ಅದೇ ಚೀಫ್ಸ್ ತಂಡ, ಇನ್ನೊಂದು ಪಂದ್ಯದ ನಡುವೆ ಬಿಯಾನ್ಸೆ ಹಾಡು. ಆದರೂ ಎರಡು ಪಂದ್ಯಗಳಿಗೆ ಸಿಕ್ಕಿದ್ದು ತಲಾ ಸುಮಾರು 2.4 ಕೋಟಿ. ಸ್ಟ್ರೀಮಿಂಗ್‌ಗೆ ಅದು ದಾಖಲೆಯೇ ಇರಬಹುದು, ಫುಟ್‌ಬಾಲ್‌ಗೆ ಇಳಿಕೆ.

ಆದರೆ ಇದಕ್ಕೊಂದು ಮರುಮಾತೂ ಇದೆ. ಗುರುವಾರದ ಪಂದ್ಯಗಳನ್ನು 2022ರಲ್ಲಿ ಅಮೆಜಾನ್ ಕೈಗೆತ್ತಿಕೊಂಡಾಗ ಸರಾಸರಿ 96 ಲಕ್ಷ ಜನ ನೋಡಿದ್ದರು. ಮರುವರ್ಷ 1.19 ಕೋಟಿ, 2024ರಲ್ಲಿ 1.32 ಕೋಟಿ. ಜನ ಕಲಿತುಕೊಳ್ಳುತ್ತಾರೆ. ಎನ್‌ಎಫ್‌ಎಲ್ ನೋಡುವವರ ಸರಾಸರಿ ವಯಸ್ಸು 2016ರಲ್ಲೇ 50 ಎಂದು ಒಂದು ಅಧ್ಯಯನ ಹೇಳಿತ್ತು. ಮುಂದಿನ ತಲೆಮಾರು ಆಂಟೆನಾ ಹಾಕಿಕೊಂಡು ಕೂರುವುದಿಲ್ಲ ಎಂಬುದು ಲೀಗ್‌ಗೂ ಗೊತ್ತು. ಹಾಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದ ಪಂದ್ಯವನ್ನು ಯೂಟ್ಯೂಬ್‌ನಲ್ಲಿ ಜಗತ್ತಿಗೆಲ್ಲ ಉಚಿತವಾಗಿ ತೋರಿಸಿ 1.73 ಕೋಟಿ ಜನರನ್ನು ಸೆಳೆಯಿತು. ಬೆಂಗಳೂರಿನಲ್ಲಿ ಕೂತವರಿಗೂ ಅದು ಪುಕ್ಕಟೆ, ನಿದ್ದೆಗೆಟ್ಟು ನೋಡುವವರಿದ್ದರೆ.

ಇಂಗ್ಲೆಂಡ್ ಕ್ರಿಕೆಟ್ ಕಲಿತ ಪಾಠ

ಹಣದ ಹಿಂದೆ ಹೋಗಿ ಜನರನ್ನು ಕಳೆದುಕೊಂಡ ಆಟದ ಉದಾಹರಣೆ ನಮಗೆ ಪರಿಚಿತವೇ. 2005ರ ಆ್ಯಷಸ್ ಸರಣಿಯನ್ನು ಇಂಗ್ಲೆಂಡ್‌ನಲ್ಲಿ ಚಾನೆಲ್ 4 ಉಚಿತವಾಗಿ ಪ್ರಸಾರ ಮಾಡಿತ್ತು. ಟ್ರೆಂಟ್ ಬ್ರಿಡ್ಜ್ ಟೆಸ್ಟ್‌ನ ರೋಚಕ ಭಾನುವಾರ ಒಂದು ಹಂತದಲ್ಲಿ 84 ಲಕ್ಷ ಜನ ನೋಡುತ್ತಿದ್ದರು. ಫ್ಲಿಂಟಾಫ್ ಮನೆಮನೆಯ ಹೀರೊ ಆದರು. ಮರುವರ್ಷದಿಂದ ಹಕ್ಕು ಹಣ ಕೊಟ್ಟು ನೋಡುವ ಸ್ಕೈ ವಾಹಿನಿಗೆ ಹೋಯಿತು. ಮಂಡಳಿಯ ಬೊಕ್ಕಸ ತುಂಬಿತು. 2009ರ ಆ್ಯಷಸ್ ಅನ್ನೂ ಇಂಗ್ಲೆಂಡ್ ಗೆದ್ದಿತು, ಆದರೆ ಒಮ್ಮೆಗೇ ನೋಡಿದವರು ಅತಿ ಹೆಚ್ಚೆಂದರೆ 20 ಲಕ್ಷದ ಒಳಗೆ. ಹತ್ತು ವರ್ಷ ಕಳೆದು 2019ರ ವಿಶ್ವಕಪ್ ಫೈನಲ್ ದಿನ, ಸ್ಕೈ ತಾನೇ ಒಪ್ಪಿ ಚಾನೆಲ್ 4ರಲ್ಲೂ ಪಂದ್ಯ ತೋರಿಸಲು ಬಿಟ್ಟಿತು.

ಭಾರತದಲ್ಲಿ ಇದಕ್ಕೊಂದು ಕಾನೂನಿನ ತಡೆ ಇದೆ. 2007ರ ಕಾಯ್ದೆಯಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಹಾಗಾಗಿ ಹಳ್ಳಿಯ ಫ್ರೀ ಡಿಶ್‌ನಲ್ಲೂ ಭಾರತದ ವಿಶ್ವಕಪ್ ಪಂದ್ಯ ಬರುತ್ತದೆ. ಐಪಿಎಲ್‌ಗೆ ಆ ರಕ್ಷಣೆ ಇಲ್ಲ. 2023ರಲ್ಲಿ ಮೊಬೈಲ್‌ನಲ್ಲಿ ಪೂರ್ತಿ ಉಚಿತವಾಗಿ ಸಿಕ್ಕ ಐಪಿಎಲ್, 2025ರಲ್ಲಿ ಜಿಯೋಹಾಟ್‌ಸ್ಟಾರ್ ಬಂದ ಮೇಲೆ ಚಂದಾ ಅಥವಾ ರೀಚಾರ್ಜ್ ಪ್ಯಾಕ್‌ನ ಹಿಂದೆ ಹೋದದ್ದು ಓದುಗರಿಗೆ ನೆನಪಿರಬಹುದು.

ಅಮೆರಿಕದಲ್ಲಿ ಸೂಪರ್ ಬೌಲ್ ಉಚಿತವಾಗಿಯೇ ಬರಬೇಕೆಂಬ ಕಾನೂನಿಲ್ಲ. ಇರುವುದು 1961ರ ಒಂದು ಕಾಯ್ದೆ. ಎಲ್ಲ ತಂಡಗಳ ಹಕ್ಕನ್ನು ಒಟ್ಟುಗೂಡಿಸಿ ಮಾರುವುದಕ್ಕೆ ಅದು ಲೀಗ್‌ಗೆ ಸ್ಪರ್ಧಾ ಕಾನೂನಿನಿಂದ ವಿನಾಯಿತಿ ಕೊಟ್ಟಿತು. ಆ ಹಣವನ್ನು ಸಮನಾಗಿ ಹಂಚಿದ್ದರಿಂದಲೇ ಒಂದು ಲಕ್ಷ ಚಿಲ್ಲರೆ ಜನಸಂಖ್ಯೆಯ ಗ್ರೀನ್ ಬೇ ಪಟ್ಟಣದ ತಂಡ ನ್ಯೂಯಾರ್ಕ್ ತಂಡಗಳ ಎದುರು ಇಂದಿಗೂ ನಿಂತಿದೆ. ಆದರೆ ಆ ವಿನಾಯಿತಿ ಇರುವುದು ಜಾಹೀರಾತಿನ ಹಣದಲ್ಲಿ ನಡೆಯುವ ಉಚಿತ ಪ್ರಸಾರಕ್ಕೆ. ಉಪಗ್ರಹ ಪ್ಯಾಕೇಜ್‌ಗೆ ದುಬಾರಿ ದರ ತೆತ್ತ ಗ್ರಾಹಕರು ಹೂಡಿದ್ದ ಮೊಕದ್ದಮೆಯಲ್ಲಿ 2024ರ ಜೂನ್‌ನಲ್ಲಿ ಜ್ಯೂರಿ ಲೀಗ್ ವಿರುದ್ಧ 470 ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿತ್ತು. ಆಗಸ್ಟ್‌ನಲ್ಲಿ ನ್ಯಾಯಾಧೀಶರು ಅದನ್ನು ರದ್ದುಪಡಿಸಿದರು. ಆದರೂ ಪಂದ್ಯಗಳು ಒಂದೊಂದಾಗಿ ಆ್ಯಪ್‌ಗಳತ್ತ ಸರಿದಂತೆಲ್ಲ ಈ ಹಳೆಯ ಕಾಯ್ದೆಯ ಪ್ರಶ್ನೆ ಮತ್ತೆ ಮೇಲೇಳುವುದು ಖಚಿತ.

ಸದ್ಯಕ್ಕೆ ಲೀಗ್ ತಾನೇ ಹಾಕಿಕೊಂಡ ನಿಯಮವೊಂದಿದೆ. ಪಂದ್ಯ ಯಾವ ಆ್ಯಪ್‌ಗೆ ಹೋದರೂ ಆಡುವ ಎರಡು ತಂಡಗಳ ತವರು ನಗರಗಳಲ್ಲಿ ಅದು ಸ್ಥಳೀಯ ಉಚಿತ ವಾಹಿನಿಯಲ್ಲಿ ಬರಬೇಕು. 2025ರ ಡಿಸೆಂಬರ್ 25ರಂದು ಮೂರು ಪಂದ್ಯಗಳಿದ್ದವು, ಎರಡು ನೆಟ್‌ಫ್ಲಿಕ್ಸ್‌ನಲ್ಲಿ, ಒಂದು ಅಮೆಜಾನ್‌ನಲ್ಲಿ. ಥ್ಯಾಂಕ್ಸ್‌ಗಿವಿಂಗ್ ದಿನ 5.72 ಕೋಟಿ ಜನರನ್ನು ಕೂರಿಸಿದ ಕೌಬಾಯ್ಸ್ ಮತ್ತು ಚೀಫ್ಸ್ ಎರಡೂ ಅಂದು ಬೇರೆ ಬೇರೆ ಎದುರಾಳಿಗಳ ವಿರುದ್ಧ ಆಡಿದವು. ಡಲ್ಲಾಸ್‌ನಲ್ಲೋ ಕಾನ್ಸಾಸ್ ಸಿಟಿಯಲ್ಲೋ ಇರುವವರು ಹಿಂದಿನಂತೆ ಟಿವಿ ಹಾಕಿ ತಮ್ಮ ತಂಡದ ಆಟ ನೋಡಬಹುದಿತ್ತು. ಆ ತಂಡಗಳ ಅಭಿಮಾನಿಗಳು ಬೇರೆ ಊರುಗಳಲ್ಲಿದ್ದರೆ ಚಂದಾ ಕಟ್ಟಬೇಕಿತ್ತು.